ಇಂಟೆಲ್‌ಸ್ಯಾಟ್ ಕೈ ಬದಲಾಗಿದ್ದು ಯಾಕೆ? ಹಾಸನದ ಸಿ-ಬ್ಯಾಂಡ್ ಡಿಶ್‌ಗೂ ಅದಕ್ಕೂ ಏನು ಸಂಬಂಧ?

ಸಾಲಗಾಮೆ ರಸ್ತೆ

2025ರ ಜುಲೈ 17ರಂದು ಲಕ್ಸೆಂಬರ್ಗ್‌ನ ಎಸ್‌ಇಎಸ್ ಕಂಪನಿ ಇಂಟೆಲ್‌ಸ್ಯಾಟನ್ನು 310 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಜಗತ್ತಿನ ಮೊದಲ ವಾಣಿಜ್ಯ ಸಂಪರ್ಕ ಉಪಗ್ರಹ ಹಾರಿಸಿದ್ದ ಸಂಸ್ಥೆ ಅರವತ್ತು ವರ್ಷ ದಾಟಿದ ಮೇಲೆ ಇನ್ನೊಬ್ಬರ ಪಾಲಾಯಿತು.

ನಮ್ಮ ಜಿಲ್ಲೆಗೂ ಈ ಕಂಪನಿಗೂ ನೇರ ನಂಟಿದೆ. 1999ರ ಏಪ್ರಿಲ್ 3ರಂದು ಫ್ರೆಂಚ್ ಗಯಾನಾದ ಕೌರೂವಿನಿಂದ ಮೇಲೆ ಹೋದ ಇನ್ಸಾಟ್-2ಇ ಉಪಗ್ರಹದಲ್ಲಿ 17 ಸಿ-ಬ್ಯಾಂಡ್ (4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ಪಟ್ಟಿ) ಟ್ರಾನ್ಸ್‌ಪಾಂಡರ್, ಅಂದರೆ ನೆಲದಿಂದ ಬಂದ ಸಿಗ್ನಲ್ ಹಿಡಿದು ವಾಪಸು ಕಳಿಸುವ ಸಾಧನ, ಇದ್ದವು. 36 ಮೆಗಾಹರ್ಟ್ಸ್ ಲೆಕ್ಕದಲ್ಲಿ 11 ಟ್ರಾನ್ಸ್‌ಪಾಂಡರ್‌ನಷ್ಟು ಸಾಮರ್ಥ್ಯವನ್ನು ಇಸ್ರೋ ಇಂಟೆಲ್‌ಸ್ಯಾಟ್‌ಗೆ ಬಾಡಿಗೆಗೆ ಕೊಟ್ಟಿತ್ತು. 83 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಅದನ್ನು ಕದಲದಂತೆ ನೋಡಿಕೊಂಡವರು ಇಲ್ಲಿನ ಎಂಸಿಎಫ್‌ನವರು, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದವರು. ಎರಡು ವರ್ಷದ ಹಿಂದಷ್ಟೇ, 1997ರ ಅಕ್ಟೋಬರ್‌ನಲ್ಲಿ, ಇನ್ಸಾಟ್-2ಡಿ ವಿದ್ಯುತ್ ದೋಷದಿಂದ ಕೈಕೊಟ್ಟು, ಕಕ್ಷೆಯಲ್ಲೇ ಇದ್ದ ಅರಬ್‌ಸ್ಯಾಟ್-1ಸಿ ಕೊಂಡು ಇನ್ಸಾಟ್-2ಡಿಟಿ ಎಂದು ಹೆಸರಿಟ್ಟು ಓಡಿಸಬೇಕಾಗಿತ್ತು. ಅಂತರರಾಷ್ಟ್ರೀಯ ಸಂಸ್ಥೆಯೊಂದು ನಮ್ಮ ಉಪಗ್ರಹವನ್ನು ನಂಬಿ ಬಾಡಿಗೆಗೆ ಹಿಡಿದದ್ದು, ಆ ಪೆಟ್ಟಿನ ಮೇಲೂ ಕೈಬಿಡದಿದ್ದದ್ದು ದೊಡ್ಡ ಮಾತು. ಹಾಸನದಲ್ಲೇ ಇದು ಬಹಳ ಜನಕ್ಕೆ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು.

ಇಂಟೆಲ್‌ಸ್ಯಾಟ್ ಹುಟ್ಟಿದ್ದು ಹೇಗೆ, ಬಿದ್ದದ್ದು ಯಾಕೆ, ತಿಳಿದವರು ಬರೆಯಿರಿ. ಡಿಶ್ ಕೆಲಸ ಮಾಡುವವರೂ ಬನ್ನಿ.

ಕಕ್ಷೆ

ಆರಂಭದಿಂದ ಹೇಳುತ್ತೇನೆ ಸಾರ್. ಅಮೆರಿಕ 1962ರಲ್ಲಿ ಸಂಪರ್ಕ ಉಪಗ್ರಹ ಕಾಯ್ದೆ ತಂದು ಕಾಮ್‌ಸ್ಯಾಟ್ ಎಂಬ ಕಂಪನಿ ಕಟ್ಟಿತು. 1964ರ ಆಗಸ್ಟ್ 20ರಂದು 11 ದೇಶಗಳು ಒಪ್ಪಂದ ಮಾಡಿಕೊಂಡಾಗ ಇಂಟೆಲ್‌ಸ್ಯಾಟ್ ಹುಟ್ಟಿತು. 1965ರ ಏಪ್ರಿಲ್ 6ಕ್ಕೆ ಮೊದಲ ಉಪಗ್ರಹ, ಅರ್ಲಿ ಬರ್ಡ್. ಕಟ್ಟಿದ್ದು ಹ್ಯೂಸ್ ಕಂಪನಿ. ಕಕ್ಷೆಯಲ್ಲಿ ಅದರ ತೂಕ ಬರೀ 34.5 ಕಿಲೋ, ಒಂದು ಮೂಟೆ ಕಾಫಿಗಿಂತ ಕಡಿಮೆ. ಅಟ್ಲಾಂಟಿಕ್ ಆಚೀಚೆ 240 ಫೋನ್ ಕರೆ, ಇಲ್ಲವೇ ಒಂದು ಟಿವಿ ಚಾನೆಲ್. ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ, ಟಿವಿ ಚಿತ್ರ ಹೋಗಬೇಕೆಂದರೆ ಕರೆಗಳನ್ನು ಕೇಬಲ್‌ಗೆ ಬದಲಾಯಿಸಬೇಕಿತ್ತು. 18 ತಿಂಗಳಿಗೆಂದು ಮಾಡಿದ್ದು, ಸುಮಾರು ನಾಲ್ಕು ವರ್ಷ ದುಡಿಯಿತು.

ಹಿಂದೂ ಮಹಾಸಾಗರದ ಮೇಲೆ ಇಂಟೆಲ್‌ಸ್ಯಾಟ್-3 ಸರಣಿಯ ಉಪಗ್ರಹ ಸೇವೆಗೆ ಬಂದದ್ದು 1969ರ ಜುಲೈನಲ್ಲಿ, ಅಪೊಲೊ-11 ಚಂದ್ರನ ಮೇಲೆ ಇಳಿಯುವ ಕೆಲವೇ ದಿನ ಮೊದಲು. ಅಲ್ಲಿಗೆ ಭೂಮಿಯ ಸುತ್ತ ಕೊಂಡಿ ಪೂರ್ತಿಯಾಯಿತು. ಭಾರತದ ಬಾಗಿಲು ಪುಣೆ ಹತ್ತಿರದ ಆರ್ವಿ ಭೂಕೇಂದ್ರ, 1971ರಲ್ಲಿ ಉದ್ಘಾಟನೆ. ಸುಮಾರು 30 ಮೀಟರ್ ಅಗಲದ ಆಂಟೆನಾ. ಅಷ್ಟು ದೊಡ್ಡದು ಯಾಕೆಂದರೆ ಆಗಿನ ಉಪಗ್ರಹದ ಟ್ರಾನ್ಸ್‌ಮಿಟರ್ ಕೆಲವೇ ವ್ಯಾಟ್, ಅದೂ ಭೂಮಿಯ ಮೂರನೇ ಒಂದು ಭಾಗಕ್ಕೆ ಹರಡಿ ಬರುತ್ತಿತ್ತು. ಉಪಗ್ರಹದ ಶಕ್ತಿ ಏರಿದಷ್ಟೂ ನೆಲದ ಡಿಶ್ ಚಿಕ್ಕದಾಗುತ್ತಾ ಬಂತು.

ಒಡೆತನದ ಲೆಕ್ಕ ನಮ್ಮ ಹಾಲಿನ ಸೊಸೈಟಿ ಥರ ಇತ್ತು: ಯಾವ ದೇಶ ಎಷ್ಟು ಬಳಸುತ್ತದೋ ಅಷ್ಟು ಪಾಲು, ಅಷ್ಟು ಬಂಡವಾಳ, ಅಷ್ಟೇ ಆದಾಯ. ಭಾರತದ ಪರವಾಗಿ ಆ ಪಾಲು ವಿದೇಶ ಕರೆಗಳನ್ನು ನೋಡಿಕೊಳ್ಳುತ್ತಿದ್ದ ವಿಎಸ್‌ಎನ್‌ಎಲ್ ಹೆಸರಿನಲ್ಲಿತ್ತು. ಲಾಭ ಮಾಡುವುದಕ್ಕಿಂತ ಎಲ್ಲ ದೇಶಕ್ಕೂ ಸಂಪರ್ಕ ಮುಟ್ಟಿಸುವುದು ಮುಖ್ಯ ಅನ್ನುವ ನಿಲುವು. ಅದನ್ನು ಕೈಬಿಟ್ಟಿದ್ದೇ ಮುಂದಿನ ಎಲ್ಲಕ್ಕೂ ಮೂಲ ಅನ್ನೋದು ನನ್ನ ಅಭಿಪ್ರಾಯ.

ಬೇಲೂರು ಕೇಬಲ್

ನಾವು ಕೇಬಲ್‌ನವರು ಡಿಶ್ ತಿರುಗಿಸುವ 68.5 ಡಿಗ್ರಿ ಸ್ಥಾನ ಮೊದಲು ಇಂಟೆಲ್‌ಸ್ಯಾಟ್‌ದಲ್ಲ, ಪ್ಯಾನ್‌ಆಮ್‌ಸ್ಯಾಟ್ ಎಂಬ ಇನ್ನೊಂದು ಉಪಗ್ರಹ ಕಂಪನಿಯದು. 1995ರಲ್ಲಿ ಅದರ ಪಿಎಎಸ್-4 ಉಪಗ್ರಹ ಅಲ್ಲಿಗೆ ಬಂತು, ಆಮೇಲೆ ಪಿಎಎಸ್-10. ಕೇಬಲ್‌ನವರು ದೊಡ್ಡ ಜಾಲರಿ ಡಿಶ್ ಎತ್ತಿದ್ದೇ ಅದಕ್ಕೆ. ಈಗ ಅಲ್ಲಿರುವುದು 2012ರ ಆಗಸ್ಟ್‌ನಲ್ಲಿ ಹಾರಿದ ಇಂಟೆಲ್‌ಸ್ಯಾಟ್-20. ಪಕ್ಕದ 66 ಡಿಗ್ರಿಯಲ್ಲಿ 2010ರ ನವೆಂಬರ್‌ನ ಇಂಟೆಲ್‌ಸ್ಯಾಟ್-17.

ನನ್ನ ಪ್ರಶ್ನೆ ಬೇರೆ ಅಣ್ಣ. ಹತ್ತಿರ 5ಜಿ ಟವರ್ ಚಾಲೂ ಆದ ಕಡೆಯೆಲ್ಲ 66ರ ಚಾನೆಲ್‌ಗಳು ಒಡೆಯುತ್ತವೆ. ಮೀಟರ್‌ನಲ್ಲಿ ಸ್ಟ್ರೆಂತ್ ಚೆನ್ನಾಗಿದೆ, ಕ್ವಾಲಿಟಿ ಮಾತ್ರ ಕುಣಿಯುತ್ತದೆ. ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಗ್ಗಿಸುವ ಡಬ್ಬಿ) ಬದಲಾಯಿಸಿದರೂ ಅದೇ ಕಥೆ. ಯಾಕೆ?

ಅರಸೀಕೆರೆ ಟೆಕ್

ಸ್ಟ್ರೆಂತ್ ಇದ್ದು ಕ್ವಾಲಿಟಿ ಇಲ್ಲ ಅಂದರೆ ಎಲ್‌ಎನ್‌ಬಿ ಉಸಿರುಕಟ್ಟಿರಬಹುದು.

ಭಾರತದಲ್ಲಿ 2022ರ ಹರಾಜಿನಲ್ಲಿ 5ಜಿಗೆ ಕೊಟ್ಟ ಮಧ್ಯದ ಪಟ್ಟಿ 3300ರಿಂದ 3670 ಮೆಗಾಹರ್ಟ್ಸ್. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಸಿ-ಬ್ಯಾಂಡ್ ಎಲ್‌ಎನ್‌ಬಿ 3400ರಿಂದ 4200ರವರೆಗೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. 36 ಸಾವಿರ ಕಿಲೋಮೀಟರ್ ದೂರದಿಂದ ಬರುವ ಸಿಗ್ನಲ್ಲನ್ನು 60-65 ಡೆಸಿಬಲ್ ಹಿಗ್ಗಿಸಲು ಮಾಡಿದ ಸಾಧನದ ಬಾಯಿಗೆ ಊರೊಳಗಿನ ಟವರ್ ಸಿಗ್ನಲ್ ಬಿದ್ದರೆ ಮೊದಲ ಹಂತದ ಟ್ರಾನ್ಸಿಸ್ಟರೇ ತುಂಬಿಹೋಗುತ್ತದೆ. ಆಗ 4100ರಲ್ಲಿರುವ ಚಾನೆಲ್ ಕೂಡ ಒಡೆಯುತ್ತದೆ, 5ಜಿಯಿಂದ ಅದು ಅಷ್ಟು ದೂರ ಇದ್ದರೂ.

ಗುರುತಿಸುವುದು ಹೀಗೆ. ಸಿ-ಬ್ಯಾಂಡ್ ಎಲ್‌ಎನ್‌ಬಿಯ ಲೋಕಲ್ ಆಸಿಲೇಟರ್, ಅಂದರೆ ಅದರೊಳಗೇ ಹುಟ್ಟುವ ಫ್ರೀಕ್ವೆನ್ಸಿ, 5150. ಕೇಬಲ್‌ನಲ್ಲಿ ಇಳಿದು ಬರುವುದು 5150ರಲ್ಲಿ ಮೂಲ ಫ್ರೀಕ್ವೆನ್ಸಿ ಕಳೆದದ್ದು. 4200 ಬರುವುದು 950ರಲ್ಲಿ, 3700 ಬರುವುದು 1450ರಲ್ಲಿ. 5ಜಿ ಇದ್ದರೆ 1480ರಿಂದ ಮೇಲಕ್ಕೆ 1850ರೊಳಗೆ ಕಾಣಬೇಕು. ಸ್ಪೆಕ್ಟ್ರಮ್ ತೋರಿಸುವ ಮೀಟರ್ ಹಾಕಿ ಆ ಜಾಗ ನೋಡಿ. ಅಗಲವಾದ ಚಪ್ಪಟೆ ದಿಬ್ಬ ಎದ್ದಿದ್ದರೆ ಅದೇ. ಡಿಶ್ಶನ್ನು ಉಪಗ್ರಹದಿಂದ ಐದು ಡಿಗ್ರಿ ಆಚೆ ತಿರುಗಿಸಿ. ಚಾನೆಲ್ ಹೋಗಿ ದಿಬ್ಬ ಮಾತ್ರ ಉಳಿದರೆ ಸಂಶಯವೇ ಬೇಡ.

ಪರಿಹಾರ 3700-4200ನ್ನು ಮಾತ್ರ ಒಳಗೆ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್. ಡಬ್ಲ್ಯುಆರ್-229 ಅಳತೆಯ ವೇವ್‌ಗೈಡ್ (ಲೋಹದ ಕೊಳವೆ) ತುಂಡು, ಫೀಡ್‌ಹಾರ್ನ್‌ಗೂ (ಡಿಶ್‌ನಿಂದ ಸಿಗ್ನಲ್ ಹಿಡಿಯುವ ಬಾಯಿ) ಎಲ್‌ಎನ್‌ಬಿಗೂ ನಡುವೆ ಕೂರುತ್ತದೆ. ಎಲ್‌ಎನ್‌ಬಿ ಆದಮೇಲೆ ಕೇಬಲ್‌ನಲ್ಲಿ ಹಾಕುವ ಅಗ್ಗದ ಫಿಲ್ಟರ್ ಕೊಳ್ಳಬೇಡಿ, ಅಷ್ಟರಲ್ಲಿ ಸಿಗ್ನಲ್ ಕೆಟ್ಟೇ ಹೋಗಿರುತ್ತದೆ. ಎಚ್ (ಅಡ್ಡ) ಮತ್ತು ವಿ (ಲಂಬ) ಪೋಲರೈಸೇಷನ್ ಎರಡಕ್ಕೂ ಬೇರೆ ಬೇರೆ ಎಲ್‌ಎನ್‌ಬಿ ಇದ್ದರೆ ಎರಡು ಫಿಲ್ಟರ್ ಬೇಕು. ಫೀಡ್, ಎಲ್‌ಎನ್‌ಬಿ ಒಂದೇ ತುಂಡಾಗಿ ಬರುವ ಮಾದರಿಯಲ್ಲಿ ನಡುವೆ ಫಿಲ್ಟರ್ ತೂರಿಸಲು ಜಾಗವೇ ಇಲ್ಲ, ಫೀಡ್ ಸಮೇತ ಬದಲಾಯಿಸಬೇಕು.

ಕೆಡುವುದು ಮೂರು ಕಡೆ. ಎರಡು ಫ್ಲೇಂಜ್‌ಗೂ ರಬ್ಬರ್ ಓ-ರಿಂಗ್ ಹಾಕದಿದ್ದರೆ ಮೊದಲ ಮಳೆಗೇ ನೀರು ಒಳಗೆ. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಸುತ್ತಾ ಹೋದರೆ ಸಂದು ಉಳಿಯುತ್ತದೆ, ಎದುರು-ಬದುರು ಬಿಗಿಸಿ. ಇನ್ನೊಂದು, ಫಿಲ್ಟರ್ ಭಾರಕ್ಕೆ ಫೀಡ್ ಕಾಲು ಬಾಗಿ ಫೋಕಸ್ ಜಾರುತ್ತದೆ. ಹಾಕಿದ ಮೇಲೆ ಅಳತೆ ಮತ್ತೆ ನೋಡಲೇಬೇಕು. ಫಿಲ್ಟರ್‌ನಿಂದ ಅರ್ಧ ಡೆಸಿಬಲ್ ನಷ್ಟ ಆಗುತ್ತದೆ, 3700ರ ಅಂಚಿನ ಚಾನೆಲ್‌ಗೆ ಸ್ವಲ್ಪ ಹೆಚ್ಚು. 12 ಅಡಿ ಡಿಶ್‌ಗೆ ಅದು ಲೆಕ್ಕಕ್ಕಿಲ್ಲ, 8 ಅಡಿಗೆ ತೊಂದರೆ ಆಗಬಹುದು.

ಲೆಕ್ಕಪತ್ರ, ಚಿಕ್ಕಮಗಳೂರು

ಟೆಕ್ ಸಾರ್ ಹೇಳಿದ ಆ 3700ರ ಗಡಿಯೇ ಇಂಟೆಲ್‌ಸ್ಯಾಟ್‌ನ ದಿವಾಳಿಯ ಕಥೆಯಲ್ಲೂ ಬರುತ್ತದೆ. ದುಡ್ಡಿನ ಕಡೆಯಿಂದ ನೋಡೋಣ.

2001ರ ಜುಲೈ 18ರಂದು ಇಂಟೆಲ್‌ಸ್ಯಾಟ್ ಅಂತರಸರ್ಕಾರಿ ಸಂಸ್ಥೆಯಿಂದ ಖಾಸಗಿ ಕಂಪನಿಯಾಯಿತು. 2005ರಲ್ಲಿ ಏಪ್ಯಾಕ್ಸ್, ಅಪೊಲೊ, ಮ್ಯಾಡಿಸನ್ ಡಿಯರ್‌ಬಾರ್ನ್, ಪರ್ಮಿರಾ ಎಂಬ ನಾಲ್ಕು ಹೂಡಿಕೆ ಸಂಸ್ಥೆಗಳು ಸೇರಿ ಅದನ್ನು ಕೊಂಡವು. ಇಂಥ ಖರೀದಿಯಲ್ಲಿ ಕೊಳ್ಳುವವರು ಹಾಕುವ ಸ್ವಂತ ದುಡ್ಡು ಕಡಿಮೆ. ಹೆಚ್ಚಿನದು ಸಾಲ, ಆ ಸಾಲವನ್ನು ಹೊರುವುದು ಕೊಳ್ಳಲ್ಪಟ್ಟ ಕಂಪನಿಯೇ. 2006ರ ಜುಲೈನಲ್ಲಿ ಪ್ಯಾನ್‌ಆಮ್‌ಸ್ಯಾಟನ್ನು 320 ಕೋಟಿ ಡಾಲರ್‌ಗೆ ಕೊಂಡರು, ಅದಕ್ಕೂ ಸಾಲ. 2008ರಲ್ಲಿ ಬಿಸಿ ಪಾರ್ಟ್‌ನರ್ಸ್ ಬಹುಪಾಲು ಕೊಂಡಾಗ ಇನ್ನಷ್ಟು. ಮೂರು ವರ್ಷದಲ್ಲಿ ಮೂರು ಪದರ ಸಾಲ. 2013ರಲ್ಲಿ ಷೇರು ಮಾರುಕಟ್ಟೆಗೆ ಬಂದಾಗಲೂ ಆ ಹೊರೆ ಕರಗಲಿಲ್ಲ.

ಉಪಗ್ರಹದ ವ್ಯಾಪಾರ ಹೇಗೆ ಅಂದರೆ ಒಂದಕ್ಕೆ ಹತ್ತಾರು ಕೋಟಿ ಡಾಲರ್ ಮೊದಲೇ ಸುರಿಯಬೇಕು, ಬಾಡಿಗೆ ಹದಿನೈದು ವರ್ಷ ನಿಧಾನವಾಗಿ ಬರುತ್ತದೆ. ಬಡ್ಡಿ ಮಾತ್ರ ಕಾಯುವುದಿಲ್ಲ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 3.7ರಿಂದ (ಅದೇ 3700 ಮೆಗಾಹರ್ಟ್ಸ್) 4.0 ಗಿಗಾಹರ್ಟ್ಸ್‌ವರೆಗೆ ಉಪಗ್ರಹದವರು ಖಾಲಿ ಮಾಡಲಿ, 5ಜಿಗೆ ಕೊಡುತ್ತೇವೆ ಎಂದಿತು. ಬೇಗ ಖಾಲಿ ಮಾಡಿದರೆ ಇಂಟೆಲ್‌ಸ್ಯಾಟ್‌ಗೆ ಸುಮಾರು 487 ಕೋಟಿ, ಎಸ್‌ಇಎಸ್‌ಗೆ ಸುಮಾರು 397 ಕೋಟಿ ಡಾಲರ್. ಆದರೆ ಅದು ಕೆಲಸ ಮುಗಿದ ಮೇಲೆ ಬರುವ ದುಡ್ಡು. ಹೊಸ ಉಪಗ್ರಹ, ನೆಲದ ಫಿಲ್ಟರ್, ಆಂಟೆನಾ ಎಲ್ಲಕ್ಕೂ ಖರ್ಚು ಮೊದಲು. ಸಾಲ ಆಗಲೇ 1,500 ಕೋಟಿ ಡಾಲರ್ ಆಸುಪಾಸು. 2020ರ ಮೇ 13ರಂದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದರು. 2022ರ ಫೆಬ್ರವರಿಯಲ್ಲಿ ಹೊರಬಂದಾಗ ಸಾಲ ಸುಮಾರು 700 ಕೋಟಿಗೆ ಇಳಿದಿತ್ತು. ಹಳೆಯ ಷೇರುದಾರರ ಹಣ ಮುಳುಗಿತು, ಸಾಲ ಕೊಟ್ಟವರು ಮಾಲೀಕರಾದರು. ಅವರು ಕಂಪನಿ ನಡೆಸಲು ಬಂದವರಲ್ಲ, ಮಾರಲು ಬಂದವರು. ಎಸ್‌ಇಎಸ್ ಕೊಂಡದ್ದು ಅವರಿಂದಲೇ.

ಕಕ್ಷೆ

ಸಾಲವೊಂದೇ ಕಾರಣ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಉಪಗ್ರಹಗಳೂ ಕೈಕೊಟ್ಟವು. 2016ರ ಜನವರಿಯಲ್ಲಿ ಹಾರಿದ ಇಂಟೆಲ್‌ಸ್ಯಾಟ್-29ಇ ಮೂರೇ ವರ್ಷಕ್ಕೆ, 2019ರ ಏಪ್ರಿಲ್‌ನಲ್ಲಿ, ಇಂಧನ ಸೋರಿ ಸತ್ತಿತು. ಅದೇ ಪೀಳಿಗೆಯ 33ಇ 2024ರ ಅಕ್ಟೋಬರ್ 19ರಂದು 60 ಡಿಗ್ರಿ ಪೂರ್ವದಲ್ಲಿ ಚೂರುಚೂರಾಯಿತು. ಸಮುದ್ರದಡಿಯ ಫೈಬರ್ ಬಂದು ಫೋನ್ ವ್ಯಾಪಾರ ಮೊದಲೇ ಕಿತ್ತುಕೊಂಡಿತ್ತು. ಕೆಳಕಕ್ಷೆಯ ಸ್ಟಾರ್‌ಲಿಂಕ್ ಬಂದು ಇಂಟರ್ನೆಟ್ ಕಿತ್ತುಕೊಂಡಿತು: 35,786 ಕಿಲೋಮೀಟರ್ ಮೇಲೆ ಹೋಗಿ ಇಳಿಯಲು ಸುಮಾರು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಅದನ್ನು ಯಾವ ಎಂಜಿನಿಯರೂ ಕಡಿಮೆ ಮಾಡಲಾರ.

ಲೆಕ್ಕಪತ್ರ, ಚಿಕ್ಕಮಗಳೂರು

ಫೈಬರ್, ಸ್ಟಾರ್‌ಲಿಂಕ್ ಎರಡೂ ಎಸ್‌ಇಎಸ್‌ಗೂ ಇದ್ದವಲ್ಲ? ಒಂದೇ ಮಾರುಕಟ್ಟೆ, ಒಂದೇ ಪೈಪೋಟಿ. ಒಬ್ಬರು ದಿವಾಳಿ, ಒಬ್ಬರು ಖರೀದಿದಾರರು. ವ್ಯತ್ಯಾಸ ಸಾಲದ ಗಾತ್ರ. 1998ರಲ್ಲಿ ಇಂಟೆಲ್‌ಸ್ಯಾಟೇ ಕೆಲವು ಉಪಗ್ರಹ ಬೇರ್ಪಡಿಸಿ ನ್ಯೂ ಸ್ಕೈಸ್ ಎಂಬ ಕಂಪನಿ ಮಾಡಿತ್ತು. ಅದನ್ನೂ ಮುಂದೆ ಎಸ್‌ಇಎಸ್ ಕೊಂಡಿತು. ನಮ್ಮಲ್ಲಿ ಡಿಶ್ ಟಿವಿ ಬರುತ್ತಿದ್ದ 95 ಡಿಗ್ರಿಯ ಎನ್‌ಎಸ್‌ಎಸ್-6 ಆ ನ್ಯೂ ಸ್ಕೈಸ್‌ನದೇ.

ಕಕ್ಷೆ

ಆ ಹೋಲಿಕೆ ಸರಿಯಾಗಿದೆ, ಒಪ್ಪಿದೆ. ಆದರೆ ಈ ಸಂಸ್ಥೆಯ ಎಂಜಿನಿಯರಿಂಗ್ ಮರೆಯಬಾರದು. 1990ರ ಮಾರ್ಚ್ 14ರಂದು ಟೈಟನ್ ರಾಕೆಟ್ ಮೇಲೆ ಹೋದ ಇಂಟೆಲ್‌ಸ್ಯಾಟ್ 603 ರಾಕೆಟ್‌ನಿಂದ ಬಿಡಿಸಿಕೊಳ್ಳಲೇ ಇಲ್ಲ. ವೈರಿಂಗ್ ಎರಡು ಉಪಗ್ರಹ ಹೊರುವ ವಿನ್ಯಾಸಕ್ಕೆ ಮಾಡಿದ್ದು, ಮೇಲಿದ್ದದ್ದು ಒಂದೇ. ಬೇರ್ಪಡಿಸುವ ಆಜ್ಞೆ ಇಲ್ಲದ ಕಡೆಗೆ ಹೋಯಿತು. ನಿಯಂತ್ರಕರು ಉಪಗ್ರಹವನ್ನು ಅದನ್ನು ಮೇಲಿನ ಕಕ್ಷೆಗೆ ತಳ್ಳಬೇಕಿದ್ದ ಪೆರಿಜಿ ಮೋಟರ್‌ನಿಂದಲೇ ಕಳಚಿ ಕೆಳಕಕ್ಷೆಯಲ್ಲಿ ಉಳಿಸಿಕೊಂಡರು. 1992ರ ಮೇನಲ್ಲಿ ನಾಸಾದ ಎಂಡೆವರ್ ನೌಕೆ ಹೋಯಿತು. ಹಿಡಿಯಲು ಮಾಡಿಸಿದ್ದ ಕಂಬಿ ಎರಡು ಸಲವೂ ಕಚ್ಚಲಿಲ್ಲ, ತಾಗಿದೊಡನೆ ಉಪಗ್ರಹ ಓಲಾಡಿ ಜಾರುತ್ತಿತ್ತು. ಕೊನೆಗೆ ಗಗನಯಾತ್ರಿಗಳಾದ ಥುವೋ, ಹೀಬ್, ಏಕರ್ಸ್ ಮೂವರೂ ಒಟ್ಟಿಗೆ ಹೊರಬಂದು, ಮೂರು ಕಡೆ ನಿಂತು ಕೈಯಲ್ಲೇ ಹಿಡಿದರು. ಹೊಸ ಮೋಟರ್ ಜೋಡಿಸಿ ಮೇಲಿನ ಕಕ್ಷೆಗೆ ಕಳಿಸಿದರು.

ಆಮೇಲೆ 2020ರ ಫೆಬ್ರವರಿ 25. ಇಂಧನ ಮುಗಿಯುತ್ತಿದ್ದ ಇಂಟೆಲ್‌ಸ್ಯಾಟ್ 901ರ ಎಂಜಿನ್ ಕೊಳವೆಗೆ ಎಂಇವಿ-1 ಎಂಬ ಸೇವಾ ನೌಕೆ ತಗಲಿಕೊಂಡು ಅದನ್ನು ಎಳೆದುಕೊಂಡು ಹೋಗಿ ಮತ್ತೆ ಕೆಲಸಕ್ಕೆ ಹಚ್ಚಿತು. ಎರಡು ವಾಣಿಜ್ಯ ಉಪಗ್ರಹ ಹೀಗೆ ಜೋಡಿಯಾದದ್ದು ಅದೇ ಮೊದಲು.

ಇದರ ಬೆಲೆ ಎಂಸಿಎಫ್ ಊರಿನವರಿಗೆ ತಿಳಿಯಬೇಕು. ಇಸ್ರೋದ ಜಿಸ್ಯಾಟ್ ಉಪಗ್ರಹ ಯಾವುದೇ ಹಾರಲಿ, ರಾಕೆಟ್ ಬಿಡುವುದು ಮೊಟ್ಟೆಯಾಕಾರದ ಕಕ್ಷೆಗೆ. ಅಲ್ಲಿಂದ 440 ನ್ಯೂಟನ್‌ನ ಎಂಜಿನ್ನನ್ನು ಹಾಸನದ ಆಜ್ಞೆಯ ಮೇಲೆ ಸಾಮಾನ್ಯವಾಗಿ ಮೂರು ಸಲ ಉರಿಸಿ ವೃತ್ತಾಕಾರಕ್ಕೆ ತರುತ್ತಾರೆ. ಉಳಿದ ಇಂಧನವೇ ಆಯುಷ್ಯ. ಸೂರ್ಯ-ಚಂದ್ರರ ಎಳೆತಕ್ಕೆ ಕಕ್ಷೆ ವರ್ಷಕ್ಕೆ ಸುಮಾರು 0.85 ಡಿಗ್ರಿ ವಾಲುತ್ತದೆ; ಉತ್ತರ-ದಕ್ಷಿಣ ಸರಿಪಡಿಸಲಿಕ್ಕೇ ಹೆಚ್ಚಿನ ಇಂಧನ ಖರ್ಚು. ಅದನ್ನು ನಿಲ್ಲಿಸಿದರೆ ಉಪಗ್ರಹ ದಿನಕ್ಕೊಂದು ಎಂಟರ ಆಕಾರ ಬರೆಯುತ್ತದೆ, ನೆಲದ ದೊಡ್ಡ ಡಿಶ್ ಅದರ ಹಿಂದೆ ತಿರುಗುತ್ತಿರಬೇಕು.

ಕಾಫಿತೋಟ, ಮೂಡಿಗೆರೆ

ಮರಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ಉಪಗ್ರಹ ಬಹಳ ಎತ್ತರದಲ್ಲಿ ಇರುವುದರಿಂದ ಸಿಲ್ವರ್ ಓಕ್ ಕಡಿಯುವ ಅಗತ್ಯ ಅಪರೂಪ. 66 ಡಿಗ್ರಿಗೆ ಎಲಿವೇಷನ್ (ನೆಲಮಟ್ಟದಿಂದ ಮೇಲಿನ ಕೋನ) 70ರ ಮೇಲೆ. ಡಿಶ್‌ಗಿಂತ 60 ಅಡಿ ಎತ್ತರದ ಮರ ಆ ದಿಕ್ಕಿನಲ್ಲಿ 21 ಅಡಿ ಆಚೆ ಇದ್ದರೆ ಅಡ್ಡ ಬರುವುದಿಲ್ಲ, ಕೊಂಬೆ ಹರಡುವುದಕ್ಕೆ ಇನ್ನೊಂದು ಆರೇಳು ಅಡಿ ಬಿಡಿ. 93.5 ಡಿಗ್ರಿಗೆ ಎಲಿವೇಷನ್ 65ರ ಹತ್ತಿರ, ಅಲ್ಲಿ 28 ಅಡಿ ಬೇಕು. ಕೆಳಕಕ್ಷೆಯ ಇಂಟರ್ನೆಟ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅದರ ಉಪಗ್ರಹ ಆಕಾಶದ ತುಂಬ ಓಡುತ್ತವೆ, ನೆರಳಿನ ತೋಟದಲ್ಲಿ ಕಡಿತ ಖಂಡಿತ.

ಮಳೆಗಾಲದಲ್ಲಿ ಕೆಯು-ಬ್ಯಾಂಡ್ (ಮನೆಯ ಚಿಕ್ಕ ಡಿಶ್‌ಗೆ ಬರುವ, ಸಿ-ಬ್ಯಾಂಡ್‌ಗಿಂತ ಮೇಲಿನ ಪಟ್ಟಿ) ಮಂಕಾಗುವುದು ಹನಿಯ ದಪ್ಪದಿಂದ. ಜಡಿಮಳೆಯಲ್ಲಿ ಅದಕ್ಕೆ ಹತ್ತು ಡೆಸಿಬಲ್‌ವರೆಗೂ ಹೋಗಬಹುದು, ಸಿ-ಬ್ಯಾಂಡ್‌ಗೆ ಒಂದರ ಸುತ್ತ. ಹಾಗಾಗಿ ಸಿ-ಬ್ಯಾಂಡ್ ಮಳೆಗೆ ಪೂರ್ತಿ ನಿಂತರೆ ಮೋಡವನ್ನು ದೂರಬೇಡಿ, ಫೀಡ್ ಬಿಚ್ಚಿ ನೋಡಿ. ಬಾಯಿಯ ಪ್ಲಾಸ್ಟಿಕ್ ಮುಚ್ಚಳ ಒಡೆದು ಕಣಜ ಗೂಡು ಕಟ್ಟಿರುತ್ತದೆ, ಇಲ್ಲವೇ ಎಫ್ ಕನೆಕ್ಟರ್ ಒಳಗೆ ಹಸಿರು ಕಿಲುಬು.

ಬೇಲೂರು ಕೇಬಲ್

ಟೆಕ್ ಅಣ್ಣ, ಫಿಲ್ಟರ್ ಹಾಕಿದ ಮೇಲೆ ಫೋಕಸ್, ಸ್ಕ್ಯೂ (ಎಲ್‌ಎನ್‌ಬಿಯನ್ನು ಎಷ್ಟು ತಿರುಚಿ ಕೂರಿಸಬೇಕು) ಲೆಕ್ಕ ಒಂದು ಸಲ ಬರೆದುಬಿಡಿ. ಹೊಸ ಹುಡುಗರು ಅಂದಾಜಿನ ಮೇಲೆ ತಿರುಗಿಸುತ್ತಾರೆ.

ಅರಸೀಕೆರೆ ಟೆಕ್

ಡಿಶ್ ಅಂಚಿನಿಂದ ಅಂಚಿಗೆ ದಾರ ಬಿಗಿಯಾಗಿ ಕಟ್ಟಿ, ನಡುಮಧ್ಯದಲ್ಲಿ ದಾರದಿಂದ ತಳಕ್ಕೆ ಆಳ ಅಳೆಯಿರಿ. ಅಗಲವನ್ನು ಅಗಲದಿಂದ ಗುಣಿಸಿ, ಆಳದ ಹದಿನಾರು ಪಟ್ಟಿನಿಂದ ಭಾಗಿಸಿ. 144 ಇಂಚಿನ ಡಿಶ್‌ಗೆ ಆಳ 22 ಇಂಚು ಬಂದರೆ ಫೋಕಸ್ 59 ಇಂಚು. ತಳದಿಂದ ಫೀಡ್ ಬಾಯಿಗೆ ಅಷ್ಟಿರಬೇಕು. ದಾರವನ್ನು ಅಡ್ಡಡ್ಡ ಎರಡು ಕಟ್ಟಿ. ಎರಡೂ ನಡುವೆ ಒಂದನ್ನೊಂದು ಮುಟ್ಟದಿದ್ದರೆ ಡಿಶ್ ಸೊಟ್ಟಗಾಗಿದೆ. ಮೊದಲು ಅದನ್ನು ನೆಟ್ಟಗೆ ಮಾಡಿ, ಆಮೇಲೆ ಮಿಕ್ಕಿದ್ದು.

ಹಾಸನಕ್ಕೆ ನಿಜ ಉತ್ತರದಿಂದ ಅಜಿಮತ್ (ಡಿಶ್ ತಿರುಗಿಸುವ ದಿಕ್ಕಿನ ಕೋನ): 68.5ಕ್ಕೆ 210.7, ಎಲಿವೇಷನ್ 72.3. 66ಕ್ಕೆ 218.4 ಮತ್ತು 70.7. ಚಿಕ್ಕಮಗಳೂರಿನಲ್ಲಿ ಅಜಿಮತ್ ಒಂದೆರಡು ಡಿಗ್ರಿ ಕಡಿಮೆ, ಎಲಿವೇಷನ್ ಹೆಚ್ಚುಕಡಿಮೆ ಅದೇ. ಕಂಪಾಸನ್ನು ಕಬ್ಬಿಣದ ಕಂಬ, ಶೀಟಿನ ಮಾಡಿನ ಹತ್ತಿರ ಹಿಡಿಯಬೇಡಿ.

ಸ್ಕ್ಯೂ ನಮ್ಮ ಕಡೆ ದೊಡ್ಡದು, ಏಕೆಂದರೆ ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ. ಡಿಶ್ ಹಿಂದೆ ನಿಂತು ಉಪಗ್ರಹದ ಕಡೆ ನೋಡುವಾಗ 68.5ಕ್ಕೆ ಗಡಿಯಾರದ ದಿಕ್ಕಿನಲ್ಲಿ ಸುಮಾರು 30 ಡಿಗ್ರಿ, 66ಕ್ಕೆ 37. ಇದನ್ನು ಬಿಟ್ಟರೆ ಎಚ್ ಚಾನೆಲ್ ಒಳಗೆ ವಿ ನುಗ್ಗುತ್ತದೆ. ಕೊನೆಯ ಹೊಂದಾಣಿಕೆಗೆ ಸ್ಟ್ರೆಂತ್ ನೋಡಬೇಡಿ. ಎದುರು ಪೋಲರೈಸೇಷನ್ ಚಾನೆಲ್ ಅತಿ ಕಡಿಮೆ ಕಾಣುವ ಜಾಗ ಹುಡುಕಿ, ಅದು ಚೂಪಾಗಿ ಸಿಗುತ್ತದೆ.

12 ಅಡಿ ಡಿಶ್ ನೋಡುವ ಅಗಲ ಒಂದೂವರೆ ಡಿಗ್ರಿ, 8 ಅಡಿಯದು ಎರಡೂಕಾಲು. 66 ಮತ್ತು 68.5 ಅಷ್ಟು ಹತ್ತಿರ ಇರುವುದರಿಂದ 8 ಅಡಿಯಲ್ಲಿ ಪಕ್ಕದ ಉಪಗ್ರಹದ ಗಲಾಟೆ ಇದ್ದೇ ಇರುತ್ತದೆ.

ಪುಕ್ಕಟೆ ಪರೀಕ್ಷೆ ಒಂದಿದೆ. ಮಾರ್ಚ್ 14ರ ಸುಮಾರಿಗೆ ಮಧ್ಯಾಹ್ನ 1.10ಕ್ಕೆ, ಸೆಪ್ಟೆಂಬರ್ 28ರ ಸುಮಾರಿಗೆ 12.50ಕ್ಕೆ ಸೂರ್ಯ ಸರಿಯಾಗಿ 68.5ರ ಉಪಗ್ರಹದ ಹಿಂದೆ ಬರುತ್ತಾನೆ. ಕೆಲವು ನಿಮಿಷ ಚಿತ್ರ ಹೋಗುತ್ತದೆ. ಆ ಹೊತ್ತಿಗೆ ಡಿಶ್ ನೋಡಿ: ಫೀಡ್‌ನ ನೆರಳು ತಳದ ನಡು ಬೋಲ್ಟಿನ ಮೇಲೆ ಬಿದ್ದರೆ ಗುರಿ ಸರಿ. ನೆರಳು ಪಕ್ಕಕ್ಕೆ ಬಿದ್ದಿದ್ದರೂ ಚಿತ್ರ ಅದೇ ಸಮಯಕ್ಕೆ ಹೋದರೆ ಫೀಡ್ ಕಾಲುಗಳು ಬಾಗಿವೆ.

ಬೇಲೂರು ಕೇಬಲ್

ತುಂಬಾ ಉಪಕಾರ ಅಣ್ಣ. ಎಸ್‌ಇಎಸ್ ಕೈಗೆ ಹೋದಮೇಲೆ ಈ ಎರಡು ಸ್ಥಾನ ನಂಬಿಕೊಂಡು ಹೊಸ ಡಿಶ್ ಎತ್ತಬಹುದಾ?

ಸಾಲಗಾಮೆ ರಸ್ತೆ

ಮಾಲೀಕರು ಬದಲಾದರೆ ಫ್ರೀಕ್ವೆನ್ಸಿ ಬದಲಾಗಬೇಕಿಲ್ಲ. ನೀವು ಗಮನಿಸಬೇಕಾದ್ದು ನಮ್ಮ ಸರ್ಕಾರದ ನಿಯಮ: 2025ರ ಜನವರಿ 1ರಿಂದ ವಿದೇಶಿ ಉಪಗ್ರಹ ಇಲ್ಲಿ ಸಾಮರ್ಥ್ಯ ಮಾರಬೇಕಾದರೆ ಬಾಹ್ಯಾಕಾಶ ವ್ಯವಹಾರಕ್ಕೆ ಪರವಾನಗಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್‌ನ ಅನುಮತಿ ಬೇಕು. ಚಾನೆಲ್‌ನವರು ಜಿಸ್ಯಾಟ್ ಕಡೆಗೆ ಸರಿಯುವ ಸಾಧ್ಯತೆ ಇಟ್ಟುಕೊಂಡೇ ಕೆಲಸ ಮಾಡಿ. ಇರುವ ಡಿಶ್ ತಿರುಗಿಸಬೇಡಿ, ಎರಡನೆಯದಕ್ಕೆ ಈಗಲೇ ಪಾಯ ಹಾಕಿ. ಇನ್ಸಾಟ್-2ಇ ಇದ್ದ 83 ಡಿಗ್ರಿಯಲ್ಲಿ ಈಗ 2020ರ ಜನವರಿಯಲ್ಲಿ ಹಾರಿದ ಜಿಸ್ಯಾಟ್-30 ಇದೆ. ಟೆಕ್ ಅವರೇ, ಅದರ ಕೋನ ಹಾಕಿಬಿಡಿ.

ಅರಸೀಕೆರೆ ಟೆಕ್

83ಕ್ಕೆ ಹಾಸನದಿಂದ ಅಜಿಮತ್ 151.7, ಎಲಿವೇಷನ್ 72.7. ಇದು ಪೂರ್ವಕ್ಕಿರುವುದರಿಂದ ಸ್ಕ್ಯೂ ಗಡಿಯಾರಕ್ಕೆ ಎದುರು ದಿಕ್ಕಿಗೆ, 27 ಅಥವಾ 28 ಡಿಗ್ರಿ. ಕಂಬ ನೆಡುವಾಗ ರಸಮಟ್ಟವನ್ನು ನಾಲ್ಕೂ ಕಡೆ ಇಟ್ಟು ನೋಡಿ, ಕಾಂಕ್ರೀಟ್‌ಗೆ ಒಂದು ವಾರ ನೀರು ಹಾಯಿಸಿ, ಆಮೇಲೆ ಡಿಶ್ ಏರಿಸಿ. ಟವರ್ ಯಾವ ಕಡೆ ಇದೆ ನೋಡಿಕೊಂಡು, ಸಾಧ್ಯವಾದರೆ ನಡುವೆ ಕಟ್ಟಡದ ಗೋಡೆ ಬರುವ ಹಾಗೆ ಜಾಗ ಆರಿಸಿ. ಫಿಲ್ಟರ್ ಜೊತೆಗೆ ಗೋಡೆಯೂ ಇದ್ದರೆ 3700ರ ಅಂಚಿನ ಚಾನೆಲ್ ಕೂಡ ನಿಲ್ಲುತ್ತದೆ.